ಅಳಿವೆಯಿಂದ ಅಳಿವೆಗೆ: ಕಾಸರಗೋಡಿನ ಕಡಲ ದಾರಿ

ಘಟ್ಟದ ಮೇಲಿನಿಂದ ಬರುವ ನೆಂಟರಿಗೆ ಕಾಸರಗೋಡು ಅಂದರೆ ಬೇಕಲ. ಬೆಳಿಗ್ಗೆ ಮಂಗಳೂರಿನಲ್ಲಿ ನೀರುದೋಸೆ ತಿಂದು ಕಾರು ಹತ್ತಿದರೆ ಬೇಕಲ ಕೋಟೆ, ಬುರುಜಿನ ಮೇಲೆ ನಾಲ್ಕು ಫೋಟೋ, ಕೆಳಗೆ ಒಂದು ಎಳನೀರು, ಮಧ್ಯಾಹ್ನದ ಊಟಕ್ಕೆ ಪುನಃ ಮಂಗಳೂರು. ತಲಪಾಡಿಯಿಂದ ಈಚೆಗೆ ಹೆದ್ದಾರಿ ಆರು ಪಥದ್ದಾದ ಮೇಲಂತೂ ನಡುವೆ ಏನಿದೆ ಎಂದು ತಿಳಿಯುವ ಪ್ರಮೇಯವೇ ಇಲ್ಲ. ಮಂಜೇಶ್ವರ, ಉಪ್ಪಳ, ಕುಂಬಳೆ ಎಲ್ಲವೂ ಕಾಂಕ್ರೀಟ್ ಗೋಡೆಯ ಆಚೆಗೆ ಸರಿದಿವೆ. ಊರು ಬೇಕಾದವರು ಸರ್ವಿಸ್ ರೋಡಿಗೆ ಇಳಿಯಬೇಕು. ಇಳಿಯುವ ನೆಂಟರು ಕಡಿಮೆ.

ನನ್ನ ಮನೆ ಕುಂಬಳೆಯ ಹತ್ತಿರ. ಹಾಗಾಗಿ "ಅಲ್ಲಿ ನೋಡಲಿಕ್ಕೆ ಏನುಂಟು?" ಎಂಬ ಫೋನು ಪ್ರತಿ ರಜೆಗೂ ಬರುತ್ತದೆ. ಇತ್ತೀಚೆಗೆ ನಾನು ಕೊಡುವ ಉತ್ತರ ಒಂದೇ: ಕಡಲು ನೋಡಲು ಬರಬೇಡಿ, ಹೊಳೆಗಳು ಕಡಲು ಸೇರುವ ಜಾಗ ನೋಡಲು ಬನ್ನಿ. ಬರೀ ಮರಳು, ಅಲೆ, ಸೂರ್ಯಾಸ್ತ ಬೇಕಾದವರಿಗೆ ಗೋಕರ್ಣ ಉಂಟು, ಮಲ್ಪೆ ಉಂಟು. ಆಟವಾಡುವ ಸಲಕರಣೆ ಅಲ್ಲೇ ಹೆಚ್ಚು, ಒಪ್ಪುತ್ತೇನೆ. ಆದರೆ ಕೇರಳದ 44 ಹೊಳೆಗಳಲ್ಲಿ 12 ಈ ಒಂದೇ ಜಿಲ್ಲೆಯ ಲೆಕ್ಕಕ್ಕೆ ಬರುತ್ತವೆ. ತಲಪಾಡಿಯಿಂದ ತೃಕ್ಕರಿಪುರದವರೆಗೆ ಸುಮಾರು 70 ಕಿಲೋಮೀಟರ್ ಕರಾವಳಿಯಲ್ಲಿ ಸ್ವಲ್ಪ ಸ್ವಲ್ಪ ದೂರಕ್ಕೆ ಒಂದು ಅಳಿವೆ. ಕೋಟೆ, ಮಸೀದಿ, ದೇವಸ್ಥಾನ, ಮೀನಿನ ಬಂದರು, ಪೇಟೆ, ಭಾಷೆ ಎಲ್ಲ ಈ ಅಳಿವೆಗಳ ಸುತ್ತಲೇ ಬೆಳೆದದ್ದು. ಬೇಕಲದ ಬುರುಜಿನಿಂದ ನೋಡಿದರೆ ನೀರು ಕಾಣುತ್ತದೆ, ಈ ಸಂಗತಿ ಕಾಣುವುದಿಲ್ಲ.

ಕಾರಿಗಿಂತ ರೈಲು ಒಳ್ಳೆಯದು ಎನ್ನುವುದು ನನ್ನ ಇನ್ನೊಂದು ಹಟ. 1907ರಲ್ಲಿ ಮಂಗಳೂರು ಮುಟ್ಟಿದ ಈ ಹಳಿ ಕಡಲಿನ ಪಕ್ಕದಲ್ಲೇ ಸಾಗುತ್ತದೆ. ಮಂಗಳೂರು ಸೆಂಟ್ರಲ್‌ನಲ್ಲಿ ಕಣ್ಣೂರು ಕಡೆಯ ಪ್ಯಾಸೆಂಜರ್ ಹತ್ತಿ ಬಲಗಡೆಯ ಕಿಟಕಿ ಹಿಡಿಯಬೇಕು. ನೇತ್ರಾವತಿ ದಾಟಿ ಉಳ್ಳಾಲ ಕಳೆದ ಮೇಲೆ ಒಂದೊಂದೇ ಸೇತುವೆ ಬರುತ್ತದೆ. ಸೇತುವೆಯ ಮೇಲೆ ಗಾಲಿಯ ಸದ್ದು ಬದಲಾದ ಕೂಡಲೇ ಮೊಬೈಲಿನಿಂದ ತಲೆ ಎತ್ತಿದರೆ ಸಾಕು, ತೆಂಗಿನ ತೋಟ ಸರಕ್ಕನೆ ಸರಿದು ಅಗಲವಾದ ನೀರು, ಅದರ ಕೊನೆಗೆ ಬಿಳಿ ಗೆರೆಯಂತೆ ಮರಳದಿಣ್ಣೆ, ಅದರಾಚೆ ಕಡಲು. ಮುಂದೆ ಬೇಕಲ ಕೋಟೆ ಎಂಬ ಹೆಸರಿನದೇ ಒಂದು ಸಣ್ಣ ಸ್ಟೇಷನ್ನೂ ಇದೆ. ಎಲ್ಲ ರೈಲು ನಿಲ್ಲುವುದಿಲ್ಲ, ಕೇಳಿಕೊಂಡು ಹತ್ತಬೇಕು.

ಮಂಜೇಶ್ವರದ ಹೊಳೆ ಬರೀ 16 ಕಿಲೋಮೀಟರ್ ಉದ್ದದ್ದು, ಕೇರಳದಲ್ಲೇ ಅತಿ ಗಿಡ್ಡ. ಆದರೆ ಅದರ ದಡದ ಸೀಮೆಗೆ ಗಿಡ್ಡತನದ ಹಂಗಿಲ್ಲ. ರಾಷ್ಟ್ರಕವಿ ಗೋವಿಂದ ಪೈಗಳ ಮನೆ ಇಲ್ಲಿ. 1949ರಲ್ಲಿ ಆಗಿನ ಮದರಾಸು ಸರಕಾರ ರಾಷ್ಟ್ರಕವಿ ಎಂದು ಗೌರವಿಸಿದ್ದು ಈ ಗಡಿ ಊರಿನ ಕನ್ನಡ ಕವಿಯನ್ನು. ಅವರ ಮನೆ ಈಗ ಗಿಳಿವಿಂಡು ಎಂಬ ಸ್ಮಾರಕ. ಕಡಲಿನ ಕಡೆಗೆ ಹೋದರೆ ಕಣ್ವತೀರ್ಥ. ಮಠ, ಕೆರೆ, ಅದರ ಬೆನ್ನಿಗೇ ಮರಳು. ಸಂಜೆ ಹೊತ್ತು ಊರ ಮಕ್ಕಳ ಫುಟ್‌ಬಾಲ್ ಬಿಟ್ಟರೆ ಗದ್ದಲ ಇಲ್ಲ. ಹತ್ತಿರದ ಉದ್ಯಾವರದ ಮಾಡ ಎಂಬ ದೈವಸ್ಥಾನದಲ್ಲಿ ಅರಸು ಮಂಜಿಷ್ಣಾರ್ ದೈವಗಳ ಉತ್ಸವಕ್ಕೆ ಮೊದಲು ದೈವಸ್ಥಾನದವರು ಮಸೀದಿಗೆ ಹೋಗಿ ಆಮಂತ್ರಣ ಕೊಟ್ಟು ಬರುವ ಕ್ರಮ ಇಂದಿಗೂ ಇದೆ. ಇದನ್ನು ಸೌಹಾರ್ದ ಎಂದು ಈಚೆಗೆ ಪತ್ರಿಕೆಯವರು ಬರೆಯುತ್ತಾರೆ. ಊರವರಿಗೆ ಅದು ನೆರೆಮನೆಗೆ ಹೇಳಿಕೆ ಕೊಟ್ಟು ಬರುವ ಕೆಲಸ, ಅಷ್ಟೆ.

ಉಪ್ಪಳವನ್ನು ನಾನು ಸಾಮಾನ್ಯವಾಗಿ ದಾಟಿಬಿಡುತ್ತೇನೆ. ಬಸ್‌ಸ್ಟ್ಯಾಂಡಿನಲ್ಲಿ ಒಂದು ಚಹಾ ಕುಡಿದರೆ ತುಳು, ಕನ್ನಡ, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ, ಉರ್ದು ಎಲ್ಲ ಕಿವಿಗೆ ಬೀಳುತ್ತವೆ. ಸಪ್ತಭಾಷಾ ಸಂಗಮ ಎಂದು ಭಾಷಣಕಾರರು ಹೇಳುವುದು ಇದನ್ನೇ. ಭಾಷಣ ಕೇಳುವುದಕ್ಕಿಂತ ಚಹಾ ಅಗ್ಗ.

ನಿಲ್ಲಬೇಕಾದದ್ದು ಶಿರಿಯ ಮತ್ತು ಕುಂಬಳೆಯ ನಡುವೆ. ಶಿರಿಯ ಹೊಳೆ ಕಡಲಿನವರೆಗೆ ಬಂದು, ನೇರ ಒಳಗೆ ಹೋಗದೆ, ಕಡಲಿಗೆ ಬೆನ್ನು ಹಾಕಿ ದಡದ ಉದ್ದಕ್ಕೆ ಹರಡಿಕೊಳ್ಳುತ್ತದೆ. ನಡುವೆ ಉಳಿಯುವುದು ಕೊಯಿಪ್ಪಾಡಿಯ ಕಡಪ್ಪುರ ಎಂಬ ಮರಳಿನ ಪಟ್ಟಿ. ಒಂದು ಬದಿಯಲ್ಲಿ ಕಡಲು, ಇನ್ನೊಂದು ಬದಿಯಲ್ಲಿ ಹೊಳೆ. ಕಡಲ ಬದಿಯಲ್ಲಿ ಮಾತು ಕೇಳದಷ್ಟು ಅಬ್ಬರ, ತೆಂಗಿನ ಸಾಲು ದಾಟಿ ಈಚೆ ಬಂದರೆ ನೀರು ಅಲ್ಲಾಡುವುದೂ ಗೊತ್ತಾಗುವುದಿಲ್ಲ.

ಅಕ್ಕನ ಮಗನನ್ನು ಇಲ್ಲಿಗೆ ಕರೆದುಕೊಂಡು ಬಂದಾಗ ಅವನು ಮೊದಲು ಕೇಳಿದ್ದು, "ಮಾವ, ಇಲ್ಲಿ ಜೆಟ್ ಸ್ಕೀ, ಪ್ಯಾರಾಸೇಲಿಂಗ್ ಎಂತದೂ ಇಲ್ವಾ?"

"ಇಲ್ಲ ಮಾರಾಯ. ಅದೋ, ಅವರನ್ನು ನೋಡು."

ಮೊಣಕಾಲು ಮಟ್ಟದ ನೀರಿನಲ್ಲಿ ಒಬ್ಬರು ಬೀಸುಬಲೆ ಹಿಡಿದು ನಿಂತಿದ್ದರು. ವಯಸ್ಸು ಎಪ್ಪತ್ತು ದಾಟಿರಬೇಕು. ಬಲೆಯ ಒಂದು ಪಾಲು ಎಡಮೊಣಕೈಗೆ ನೇತು ಹಾಕಿ, ಒಂದು ಪಾಲು ಬಲಗೈಯಲ್ಲಿ ಹರಡಿ, ಹಗ್ಗದ ಕುಣಿಕೆಯನ್ನು ಮಣಿಕಟ್ಟಿಗೆ ಸಿಕ್ಕಿಸಿಕೊಂಡಿದ್ದರು. ಅಂಚಿಗೆ ಸಾಲಾಗಿ ಕಟ್ಟಿದ ಸೀಸದ ಮಣಿಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತಿದ್ದವು. ನೀರಿನ ಮೇಲೆ ಅವರಿಗೆ ಏನೋ ಕಂಡಿತು. ನಮಗೆ ಕಾಣಲಿಲ್ಲ. ಸೊಂಟ ಮಾತ್ರ ಒಮ್ಮೆ ತಿರುಗಿತು, ಬಲೆ ಗಾಳಿಯಲ್ಲಿ ಪೂರ್ತಿ ವೃತ್ತವಾಗಿ ತೆರೆದು, ಅಂಚೆಲ್ಲ ಒಟ್ಟಿಗೇ ನೀರು ಮುಟ್ಟಿತು. ಸೀಸ ತಳಕ್ಕೆ ಇಳಿಯುವಷ್ಟು ಹೊತ್ತು ಬಿಟ್ಟು ಹಗ್ಗವನ್ನು ಗೇಣು ಗೇಣಾಗಿ ಎಳೆದರು. ಮೂರು ಬೆರಳಗಲದ ಮೀನು ನಾಲ್ಕೈದು, ಒಂದು ಏಡಿ, ಒಂದು ಮುಷ್ಟಿ ಪಾಚಿ.

ಹುಡುಗ ತಾನೂ ಬೀಸುತ್ತೇನೆ ಎಂದ. ಕೊಟ್ಟರು. ಬಲೆ ಮುದ್ದೆಯಾಗಿ ಅವನ ಕಾಲ ಬುಡದಲ್ಲೇ ಬಿತ್ತು. "ಕೈಯಲ್ಲಿ ಅಲ್ಲ ಮಗಾ, ನಡುವಿನಲ್ಲಿ ಬೀಸುವುದು" ಎಂದು ಆ ಅಜ್ಜ ನಕ್ಕರು. ಅರ್ಧ ಗಂಟೆಯ ಮೇಲೆ ಅದು ಅರ್ಧಚಂದ್ರದಷ್ಟಾದರೂ ತೆರೆಯಿತು. ಜೆಟ್ ಸ್ಕೀಯ ಮಾತು ಮತ್ತೆ ಎತ್ತಲಿಲ್ಲ.

ಅಳಿವೆ ಎಂದರೆ ನಕ್ಷೆಯಲ್ಲಿ ಒಮ್ಮೆ ಬರೆದಿಟ್ಟರೆ ಮುಗಿಯುವ ಜಾಗ ಅಲ್ಲ ಎಂಬುದು ಇಲ್ಲಿ ವರ್ಷದಲ್ಲಿ ಎರಡು ಸಲ ಬಂದವರಿಗೆ ಗೊತ್ತಾಗುತ್ತದೆ. ಜೂನ್‌ನಲ್ಲಿ ಮಳೆ ಹಿಡಿದು ಹೊಳೆ ಕೆಂಪಾಗಿ ಉಕ್ಕಿದಾಗ ಮರಳದಿಣ್ಣೆಯನ್ನು ಒಡೆದು ನುಗ್ಗುತ್ತದೆ. ಮಳೆ ನಿಂತು ಹೊಳೆಯ ಕಸು ಇಳಿದ ಮೇಲೆ ಕಡಲಿನ ಸರದಿ. ಅಲೆ ಮರಳನ್ನು ತಂದು ತಂದು ಒಟ್ಟುತ್ತದೆ, ಬೇಸಿಗೆ ಹೊತ್ತಿಗೆ ಸಣ್ಣ ಹೊಳೆಗಳ ಬಾಯಿ ಪೂರ್ತಿ ಮುಚ್ಚಿಯೇ ಹೋಗುತ್ತದೆ. ಆಗ ದಿಣ್ಣೆಯ ಮೇಲೆ ನಡೆದು ಆಚೆ ದಡಕ್ಕೆ ಹೋಗಬಹುದು. ಮುಂದಿನ ಮಳೆಗೆ ಬಾಯಿ ತಡವಾಗಿ ಒಡೆದರೆ ನೀರು ಹಿಂದಕ್ಕೆ ತುಂಬಿ ಗದ್ದೆ, ಅಂಗಳ ಮುಳುಗುತ್ತದೆ, ಊರವರು ಗುದ್ದಲಿ ಹಿಡಿದು ಬಂದು ಕಣಿ ತೋಡಿ ದಾರಿ ಬಿಡುತ್ತಾರೆ. ಒಂದು ಮೊಳ ಅಗಲದ ಕಣಿಯನ್ನು ಹೊಳೆಯೇ ಕೊರೆದು ಸ್ವಲ್ಪ ಹೊತ್ತಿನಲ್ಲಿ ದೋಣಿ ಹೋಗುವಷ್ಟು ಮಾಡಿಕೊಳ್ಳುತ್ತದೆ. ಅದನ್ನು ನೋಡಲು ಟಿಕೆಟ್ಟಿಲ್ಲ. ಯಾವ ದಿನ ಎಂದು ಮೊದಲೇ ಹೇಳುವವರೂ ಇಲ್ಲ.

ಕುಂಬಳೆಗೆ ಬಂದವರು ಕಡಲಿಗೆ ಬೆನ್ನು ಮಾಡಿ ಒಂದು ಹೊತ್ತು ಪದವಿಗೆ, ಅಂದರೆ ಗುಡ್ಡದ ಮೇಲಿನ ಬಯಲಿಗೆ, ಹತ್ತಬೇಕು. ಕೆಲವೇ ಕಿಲೋಮೀಟರ್ ಒಳಗೆ ಅನಂತಪುರ. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಬೋಳು ಪದವಿನ ನಡುವೆ ತಗ್ಗಿನಲ್ಲಿ ಒಂದು ಕೆರೆ, ಕೆರೆಯ ನಡುವೆ ದೇವಸ್ಥಾನ. ತಿರುವನಂತಪುರದ ಅನಂತಪದ್ಮನಾಭನ ಮೂಲಸ್ಥಾನ ಇದೇ ಎಂದು ನಂಬಿಕೆ. ಗರ್ಭಗುಡಿಯ ಮೂರ್ತಿಗಳು ಕಲ್ಲಿನವೂ ಅಲ್ಲ ಲೋಹದವೂ ಅಲ್ಲ, ಹಲವು ಔಷಧ ದ್ರವ್ಯಗಳನ್ನು ಅರೆದು ಮಾಡುವ ಕಡುಶರ್ಕರ ಪಾಕದವು. ಈ ಕೆರೆಯಲ್ಲಿ ನೈವೇದ್ಯದ ಅನ್ನ ತಿಂದುಕೊಂಡಿದ್ದ ಮೊಸಳೆ ಬಬಿಯಾ 2022ರ ಅಕ್ಟೋಬರ್‌ನಲ್ಲಿ ಸತ್ತಾಗ ಸುತ್ತಲಿನ ಊರುಗಳಿಂದ ಜನ ಬಂದು ಕೊನೆಯ ದರ್ಶನ ಮಾಡಿದರು. ಮರುವರ್ಷ ನವೆಂಬರ್‌ನಲ್ಲಿ ಅದೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ಅದು ಎಲ್ಲಿಂದ ಬಂತು ಎಂಬ ಚರ್ಚೆ ನಮ್ಮೂರಿನ ಕಟ್ಟೆಗಳಲ್ಲಿ ಇನ್ನೂ ಮುಗಿದಿಲ್ಲ. ಒಬ್ಬೊಬ್ಬರದು ಒಂದೊಂದು ಸಿದ್ಧಾಂತ. ಮಳೆಗಾಲದ ಕೊನೆಗೆ, ಓಣಂ ಹೊತ್ತಿಗೆ ಬಂದರೆ ಈ ಪದವುಗಳಲ್ಲಿ ನೀರು ನಿಂತ ಕಡೆಯೆಲ್ಲ ಗೇಣುದ್ದವೂ ಇಲ್ಲದ ಗಿಡಗಳಲ್ಲಿ ನೀಲಿ ಹೂ ಹಾಸಿರುತ್ತದೆ. ನೀರಿನ ಸಣ್ಣ ಹುಳಗಳನ್ನು ಹಿಡಿದು ತಿನ್ನುವ ಗಿಡ ಅದು. ಬೇಸಿಗೆಯಲ್ಲಿ ಬಂದವರು ಇದೇ ಜಾಗವನ್ನು ಬರಡು ಎಂದು ಹೇಳಿ ಹೋಗುತ್ತಾರೆ.

ಯಕ್ಷಗಾನದ ಹುಚ್ಚು ಇರುವವರಿಗೆ ಕುಂಬಳೆಯ ಕಣಿಪುರ ಗೋಪಾಲಕೃಷ್ಣನ ದೇವಸ್ಥಾನ ಬೇರೆಯೇ ಕಾರಣಕ್ಕೆ ಮುಖ್ಯ. ಯಕ್ಷಗಾನ ಪ್ರಸಂಗಗಳನ್ನು ಬರೆದ ಪಾರ್ತಿಸುಬ್ಬ ಈ ಊರಿನವನು. ಯಕ್ಷಗಾನದ ತೆಂಕಣ ಶೈಲಿಯಾದ ತೆಂಕುತಿಟ್ಟಿನ ಭಾಗವತರು ಇಂದಿಗೂ ಅವನ ಪದಗಳನ್ನು ಹಾಡುತ್ತಾರೆ. ಹೆಚ್ಚು ಬರೆದರೆ ಈ ಬರಹ ಕಡಲಿಗೆ ವಾಪಸು ಬರುವುದಿಲ್ಲ, ಬಿಡುತ್ತೇನೆ.

ಕಾಸರಗೋಡು ಪೇಟೆ ಚಂದ ಅಂತ ನಾನು ಹೇಳುವುದಿಲ್ಲ. ಆದರೆ ಬೆಳಿಗ್ಗೆ ಬೇಗ ಎದ್ದು ಕಸಬಾ ಕಡಪ್ಪುರದ ಕಡೆ ಹೋದರೆ ದೋಣಿಗಳು ಬಂದಿರುತ್ತವೆ. ಬೂತಾಯಿ, ಬಂಗುಡೆಯ ಬುಟ್ಟಿಗಳ ಸುತ್ತ ಏಲಂ ಕೂಗುವವನ ವೇಗಕ್ಕೆ ನನ್ನ ಮಲಯಾಳ ಸಾಲುವುದಿಲ್ಲ. ಪಕ್ಕದಲ್ಲಿದ್ದ ಮೀನಿನಕ್ಕ ತುಳುವಿನಲ್ಲಿ ಬೆಲೆ ಹೇಳಿ, ನನ್ನ ಕೈಚೀಲ ನೋಡಿ, "ಇಷ್ಟು ಸಣ್ಣ ಚೀಲ ಹಿಡಿದುಕೊಂಡು ಬರುವುದಾ ಅಣ್ಣ?" ಎಂದರು. ಇದು ಜನರ ಕೆಲಸದ ಹೊತ್ತು, ಕ್ಯಾಮೆರಾ ಚೀಲದಲ್ಲೇ ಇರಲಿ. ಇನ್ನೊಂದು ಮಾತು. ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ 52 ದಿನ ಟ್ರಾಲಿಂಗ್ ನಿಷೇಧ. ಕರ್ನಾಟಕದಲ್ಲಿ ಜೂನ್ 1ರಿಂದಲೇ ಶುರು. ಆ ದಿನಗಳಲ್ಲಿ ಸಾಂಪ್ರದಾಯಿಕ ದೋಣಿಯವರ ಮೀನು, ಹೊಳೆ ಮೀನು ಮಾತ್ರ. ಹೊಟೇಲಿನಲ್ಲಿ ದೊಡ್ಡ ಅಂಜಲ್ ತುಂಡು ಸಿಕ್ಕಿತು ಎಂದರೆ ಅದು ಐಸಿನಲ್ಲಿ ಎಷ್ಟು ದೂರ ಬಂದದ್ದು ಎಂದು ಕೇಳಿ ತಿನ್ನಿ.

ಚಂದ್ರಗಿರಿ ಹೊಳೆಯ ಬಡಗು ದಡದಲ್ಲಿ ತಳಂಗರೆ, ಅಲ್ಲಿ ಮಾಲಿಕ್ ದೀನಾರ್ ಮಸೀದಿ. ಕೇರಳಕ್ಕೆ ಇಸ್ಲಾಂ ತಂದವರೆಂದು ಪರಂಪರೆ ಹೇಳುವವರ ಹೆಸರಿನದು, ಈ ಕರಾವಳಿಯ ಅತಿ ಹಳೆಯ ಮಸೀದಿಗಳ ಸಾಲಿನಲ್ಲಿ ಎಣಿಸುವಂಥದು. ಮರದ ಕೆತ್ತನೆ ನೋಡಲೇಬೇಕು. ತಳಂಗರೆಯ ಕಸೂತಿ ಟೊಪ್ಪಿ ಒಂದು ಕಾಲಕ್ಕೆ ಅರಬ್ ದೇಶ, ಆಫ್ರಿಕಾದವರೆಗೆ ಹೋಗುತ್ತಿತ್ತು. ಈಗ ಹೊಲಿಯುವ ಕೈಗಳು ಕಡಿಮೆ.

ಇಲ್ಲಿಂದ ಸೇತುವೆ ದಾಟುವುದು ನನ್ನ ಮಟ್ಟಿಗೆ ಈ ದಾರಿಯ ಮುಖ್ಯ ಘಟ್ಟ. ಸುಳ್ಯದ ಕಡೆಯಿಂದ ಪಯಸ್ವಿನಿ ಎಂದು ಹರಿದು ಬಂದ ನೀರು ಇಲ್ಲಿ ಚಂದ್ರಗಿರಿ. 1800-01ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಸಮೀಕ್ಷೆಗೆಂದು ಮಲಬಾರಿನ ಕಡೆಯಿಂದ ಬಂದ ಫ್ರಾನ್ಸಿಸ್ ಬುಕಾನನ್ ಮಲಯಾಳದ ಬಡಗಣ ಗಡಿ ಈ ಹೊಳೆ ಎಂದು ಬರೆದ. ರಾಜ್ಯಗಳ ಪುನರ್‌ವಿಂಗಡಣೆಯಲ್ಲಿ 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕಾಸರಗೋಡು ಕೇರಳಕ್ಕೆ ಹೋಯಿತು. ಗಡಿ ವಿವಾದಕ್ಕೆಂದು ನೇಮಿಸಿದ ಮಹಾಜನ ಆಯೋಗದ 1967ರ ವರದಿ ಹೊಳೆಯ ಬಡಗಿನ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕು ಎಂದಿತು. ಆಮೇಲೆ ಏನೂ ಆಗಲಿಲ್ಲ. 1984ರಲ್ಲಿ ಹೊಳೆಯ ಎರಡೂ ಬದಿ ಸೇರಿಸಿ ಕಾಸರಗೋಡು ಜಿಲ್ಲೆ ಮಾಡಿದರು. ಗಡಿನಾಡ ಕನ್ನಡಿಗ ಪ್ರವಾಸದ ಬಗ್ಗೆ ಬರೆಯಲು ಕೂತರೂ ಈ ಮಾತು ಬರದೆ ಇರುವುದಿಲ್ಲ, ಏನು ಮಾಡುವುದು. ಆದರೆ ಬಂದವರಿಗೆಲ್ಲ ಕೊರಗನ್ನೇ ಬಡಿಸಬೇಕು ಅಂತಲೂ ನನಗಿಲ್ಲ. ಗಡಿಯನ್ನು ಆಯೋಗದ ವರದಿಯಲ್ಲಿ ಹುಡುಕುವುದಕ್ಕಿಂತ ರಾತ್ರಿ ಹೊತ್ತು ಎರಡೂ ದಡಗಳಲ್ಲಿ ಚೆಂಡೆ, ತಾಸೆ ಕೇಳಿಸಿಕೊಂಡರೆ ಬೇಗ ತಿಳಿಯುತ್ತದೆ. ಬಡಗಿನಲ್ಲಿ ಭೂತಕೋಲ, ದೈವದ ಕತೆ ಹಾಡುವ ತುಳುವಿನ ಪಾಡ್ದನ. ತೆಂಕಿನಲ್ಲಿ ತೆಯ್ಯಂ, ಮಲಯಾಳದ ತೋಟ್ಟಂ. ಅಣಿ ಬೇರೆ, ಮುಖವರ್ಣಿಕೆ ಬೇರೆ. ಆದರೆ ದೈವದ ಮುಂದೆ ಕೈಮುಗಿದು ನಿಂತವನ ಅಹವಾಲು ಎರಡೂ ಕಡೆ ಒಂದೇ ತರದ್ದು: ಮಗಳ ಮದುವೆ, ಜಾಗದ ತಕರಾರು, ಗಲ್ಫಿಗೆ ಹೋದ ಮಗನ ಕೆಲಸ. ತುಲಾ ತಿಂಗಳ ಹತ್ತರಿಂದ, ಅಂದರೆ ಅಕ್ಟೋಬರ್ ಕೊನೆಯಿಂದ ಮಳೆ ಹಿಡಿಯುವವರೆಗೆ ತೆಯ್ಯಂ ಕಾಲ. ಪಾಲಕ್ಕುನ್ನಿನ ಭಗವತಿ ಕ್ಷೇತ್ರದ ಭರಣಿ ಉತ್ಸವ ಕುಂಭ ಮಾಸದಲ್ಲಿ. ರೆಸಾರ್ಟ್‌ನ ಹುಲ್ಲುಹಾಸಿನಲ್ಲಿ ಅತಿಥಿಗಳಿಗೆಂದು ಕುಣಿಸುವುದನ್ನು ತೆಯ್ಯಂ ಎಂದುಕೊಂಡು ಹೋಗಬೇಡಿ.

ಸೇತುವೆ ದಾಟಿದ ಕೂಡಲೇ ಮೇಲ್ಪರಂಬದಲ್ಲಿ ಚಂದ್ರಗಿರಿ ಕೋಟೆ. ಬೇಕಲದ ಮುಂದೆ ಇದು ಚಿಕ್ಕದು, ಹಾಗಾಗಿ ಜನವೂ ಕಡಿಮೆ. ನನಗೆ ಮಾತ್ರ ಇದೇ ಹೆಚ್ಚು ಇಷ್ಟ. ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ ಕೋಟೆ ಇಲ್ಲೇ ಯಾಕೆ ನಿಂತಿತು ಎಂದು ಯಾರೂ ವಿವರಿಸಬೇಕಾಗಿಲ್ಲ. ಗೋಡೆಯ ಮೇಲಿನಿಂದ ಬಗ್ಗಿ ನೋಡಿದರೆ ಹೊಳೆ, ರೈಲು ಸೇತುವೆ, ಅಳಿವೆ, ಕಡಲು ಎಲ್ಲ ಒಂದೇ ನೋಟಕ್ಕೆ ಸಿಗುತ್ತವೆ. ಒಳಗೆ ಬರುವ ದೋಣಿ ಯಾವುದೂ ಕಾವಲಿನವನ ಕಣ್ಣು ತಪ್ಪಿಸುವಂತಿಲ್ಲ.

ಮುರಕಲ್ಲು ಹತ್ತಿರದಿಂದ ನೋಡಬೇಕಾದರೂ ಇದೇ ಗೋಡೆ. ಗಣಿಯಲ್ಲಿ ಕಡಿಯುವಾಗ ಕೊಡಲಿಗೆ ಬಗ್ಗುವಷ್ಟು ಮೆತ್ತಗೆ, ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿ. 1807ರಲ್ಲಿ ಅಚ್ಚಾದ ತನ್ನ ಪ್ರವಾಸ ಕಥನದಲ್ಲಿ ಬುಕಾನನ್ ಇದೇ ಗುಣ ಕಂಡು ಬೆರಗಾಗಿ ಬರೆದಿದ್ದಾನೆ. ನೂರಾರು ಮಳೆಗಾಲ ಕಂಡ ಕಲ್ಲಿನ ತೂತುಗಳಲ್ಲಿ ಜರಿಗಿಡ ಬೇರು ಬಿಟ್ಟಿದೆ. ಈ ಕಲ್ಲು ಇರುವ ಕಡೆಯೆಲ್ಲ ನಮ್ಮ ಹಿರಿಯರು ಗುಡ್ಡಕ್ಕೆ ಅಡ್ಡಲಾಗಿ ಸುರಂಗ ಕೊರೆದು ನೀರು ತೆಗೆದರು. ಬಾಯಾರು, ಎಣ್ಮಕಜೆ ಕಡೆ ಅಡಿಕೆ ತೋಟಕ್ಕೆ ಇಂದಿಗೂ ಸುರಂಗದ ನೀರು ಹರಿಯುವ ಮನೆಗಳಿವೆ. ಕಡಲು ನೋಡಿ ಬೇಸರ ಬಂದವರು ಒಂದು ದಿನ ಆ ಕಡೆ ಹೋಗಬಹುದು.

ಮುಂದಿನ ದಾರಿ ಕಡಲಿಗೆ ತಾಗಿಕೊಂಡೇ ಸಾಗುತ್ತದೆ. ಕಾಸರಗೋಡಿನಿಂದ ಕಾಞಂಗಾಡಿಗೆ ಹೆದ್ದಾರಿ ಬಿಟ್ಟು ಈ ಹಳೆಯ ರಸ್ತೆಯಲ್ಲೇ ಬಸ್ಸು ಹಿಡಿಯಿರಿ. ಬಸ್ಸಿನ ಬೋರ್ಡು ಬಹುತೇಕ ಮಲಯಾಳದಲ್ಲೇ ಇರುತ್ತದೆ, ಓದಲು ಬಾರದಿದ್ದರೆ ಕಂಡಕ್ಟರನ್ನು ಕನ್ನಡದಲ್ಲೇ ಕೇಳಿ, ಏನೂ ಸಂಕೋಚ ಬೇಡ. ಬೇಕಲಕ್ಕೆ ಸ್ವಲ್ಪ ಮೊದಲು ತ್ರಿಕ್ಕನ್ನಾಡಿನ ತ್ರ್ಯಂಬಕೇಶ್ವರ ದೇವಸ್ಥಾನ. ರಸ್ತೆಯ ಈಚೆ ದೇವರು, ಆಚೆ ಕಡಲು. ಕರ್ಕಾಟಕ ಅಮಾವಾಸ್ಯೆಯಂದು ಪಿತೃತರ್ಪಣಕ್ಕೆ ಇಲ್ಲಿ ಜನ ಕಿಕ್ಕಿರಿಯುತ್ತಾರೆ. ನಮ್ಮ ಆಟಿ ಅಮಾವಾಸ್ಯೆಯ ದಿನವೇ ಅದು. ದಡದಿಂದ ದೂರ ಕಡಲಿನಲ್ಲಿ ಒಂದು ಬಂಡೆ ಕಾಣುತ್ತದೆ, ಪಾಂಡ್ಯನ್ ಕಲ್ಲು. ದೇವಸ್ಥಾನದ ಮೇಲೆ ದಾಳಿಗೆ ಬಂದ ಪಾಂಡ್ಯ ರಾಜನ ಹಡಗನ್ನು ಶಿವ ಕಲ್ಲಾಗಿಸಿದ ಎಂದು ಕತೆ. ಕತೆಯಲ್ಲಿ ಕಡಲು ದೇವರ ಮಾತು ಕೇಳುತ್ತದೆ. ಈಗ ಮಳೆಗಾಲದಲ್ಲಿ ಕಡಲ್ಕೊರೆತ ಇದೇ ರಸ್ತೆಯ ಅಂಚಿನವರೆಗೆ ಬಂದು ನಿಲ್ಲುತ್ತದೆ. ಜಿಲ್ಲೆಯುದ್ದಕ್ಕೂ ಕಗ್ಗಲ್ಲಿನ ತಡೆಗೋಡೆ ಒಟ್ಟಿದ್ದಾರೆ. ಒಂದು ಕಡೆ ಕಲ್ಲು ಹಾಕಿದರೆ ಅಲೆ ಅದರ ಕೊನೆಗೆ ಹೋಗಿ ಅಲ್ಲಿನ ಮರಳನ್ನು ಕೊಂಡೊಯ್ಯುತ್ತದೆ, ಮರುವರ್ಷ ಅಲ್ಲಿಗೂ ಕಲ್ಲು. ತೆಂಗಿನ ಬುಡ ಬೇರು ಸಮೇತ ಗಾಳಿಯಲ್ಲಿ ನೇತಾಡುವ ಫೋಟೋ ತೆಗೆಯುವ ಮೊದಲು, ಅದು ಯಾರದೋ ಹಿತ್ತಿಲು ಎಂದು ನೆನಪಿರಲಿ.

ಇನ್ನು ಬೇಕಲ. ಬೈದು ಬೈದು ಅಲ್ಲಿಗೇ ಬಂದೆನಲ್ಲ. ಕೋಟೆ ನಿಜಕ್ಕೂ ದೊಡ್ಡದು, ಸುಮಾರು 40 ಎಕರೆ. 1650ರ ಸುಮಾರಿಗೆ ಶಿವಪ್ಪ ನಾಯಕನ ಕಾಲದಲ್ಲಿ ಕಟ್ಟಿದ್ದು ಎಂದು ಹೆಚ್ಚಿನವರ ಅಭಿಪ್ರಾಯ. 1763ರಲ್ಲಿ ಹೈದರಾಲಿಯ ವಶ, ಟಿಪ್ಪುವಿನ ನಂತರ ಕಂಪೆನಿಯ ಕೈಗೆ. ದಕ್ಷಿಣ ಕನ್ನಡದ ಒಂದು ತಾಲೂಕಿಗೆ ಬೇಕಲವೇ ಕಸಬೆಯಾಗಿತ್ತು, ಆಮೇಲೆ ಕಾಸರಗೋಡು ತಾಲೂಕಾಯಿತು. ಬಾಗಿಲಲ್ಲಿ ಮುಖ್ಯಪ್ರಾಣನ ಗುಡಿ, ಹೊರಗೆ ಸ್ವಲ್ಪ ದೂರಕ್ಕೆ ಹಳೆಯ ಮಸೀದಿ. ಒಳಗೆ ಅರಮನೆ ಹುಡುಕುವವರಿಗೆ ನಿರಾಸೆ. ಇದು ರಾಜ ಇರುವ ಕೋಟೆಯಲ್ಲ, ಕಾವಲಿನದು. ಕೋಟೆಯ ನಡುವಿನ ವೀಕ್ಷಣಾ ಗೋಪುರ ಟಿಪ್ಪುವಿನ ಕಾಲದ್ದು. ಎಲ್ಲರೂ ಅಲ್ಲಿಗೇ ಓಡುತ್ತಾರೆ. ನಾನು ಅಕ್ಕನ ಮಗನನ್ನು ಕರೆದುಕೊಂಡು ಹೋದದ್ದು ಹೊರಗೋಡೆಯ ತೂತುಗಳ ಹತ್ತಿರ.

"ಮೇಲಿನ ತೂತಿಗೆ ಕಣ್ಣಿಡು. ಏನು ಕಾಣುತ್ತದೆ?"

"ದೂರದ ಕಡಲು."

"ಈಗ ಅದರ ಕೆಳಗಿನದು."

"ಅಲೆ ಒಡೆಯುವ ಜಾಗ."

"ಎಲ್ಲಕ್ಕಿಂತ ಕೆಳಗಿನದಕ್ಕೆ ಬಗ್ಗು."

ಅವನು ಮೊಣಕಾಲೂರಿ ನೋಡಿ, "ಮಾವ, ಗೋಡೆಯ ಬುಡ ಮಾತ್ರ" ಎಂದ. ಶತ್ರು ದೂರದಲ್ಲಿದ್ದಾಗ ಒಂದು, ಹತ್ತಿರ ಬಂದಾಗ ಒಂದು, ಗೋಡೆಗೇ ತಾಗಿದಾಗ ಇನ್ನೊಂದು. ಕೋವಿಯ ನಳಿಗೆಗೆ ಮೂರು ಓರೆ. ಕಟ್ಟಿದವರ ಲೆಕ್ಕಾಚಾರ ಆ ಗೋಡೆಯಲ್ಲೇ ಇದೆ, ಫಲಕ ಓದಬೇಕಾಗಿಲ್ಲ. ಈ ಕೋಟೆಯ ಕಾವಲಿಗೆಂದು ಬಂದ ಕನ್ನಡದ ಯೋಧರ ವಂಶದವರು, ರಾಮಕ್ಷತ್ರಿಯರು, ಬೇಕಲದಲ್ಲೂ ಕಾಞಂಗಾಡಿನ ಹೊಸದುರ್ಗದಲ್ಲೂ ಇಂದಿಗೂ ಇದ್ದಾರೆ. ಸುತ್ತ ಮಲಯಾಳ, ಮನೆಯೊಳಗೆ ಕನ್ನಡ. ಕರ್ನಾಟಕದಿಂದ ಬರುವ ಬಸ್ಸುಗಟ್ಟಲೆ ಜನರಲ್ಲಿ ಎಷ್ಟು ಮಂದಿಗೆ ಇದು ಗೊತ್ತೋ.

ಬೇಕಲದಲ್ಲಿ ಹಿಂದಿರುಗಿದರೆ ಅರ್ಧ ಮಾತ್ರ ನೋಡಿದಂತೆ, ಯಾಕೆಂದರೆ ಕಾಞಂಗಾಡು ದಾಟಿ ನೀಲೇಶ್ವರ ಬಂದ ಮೇಲೆ ಹೊಳೆಗಳ ನಡತೆಯೇ ಬೇರೆ. ಸ್ವಾಮಿ ರಾಮದಾಸರು 1931ರಲ್ಲಿ ಕಟ್ಟಿದ ಆನಂದಾಶ್ರಮ ಕಾಞಂಗಾಡಿನಲ್ಲಿದೆ, ಮೌನ ಬೇಕಾದವರು ಇಳಿಯಬಹುದು. ನಾನು ಇಳಿಯುವುದು ಮುಂದೆ. ಅಲ್ಲಿ ತೇಜಸ್ವಿನಿಯಂಥ ಹೊಳೆಗಳು ಬಂದು ಕಡಲಿಗೆ ಸಮಾನಾಂತರವಾಗಿ ಹಬ್ಬಿ ಕವ್ವಾಯಿ ಕಾಯಲ್ ಆಗಿವೆ. ಉತ್ತರ ಕೇರಳದ ಅತಿ ದೊಡ್ಡ ಹಿನ್ನೀರು. ಅದರ ಮತ್ತು ಕಡಲಿನ ನಡುವೆ ವಲಿಯಪರಂಬ ಎಂಬ ಉದ್ದನೆಯ ದ್ವೀಪ. ಕೊಯಿಪ್ಪಾಡಿಯಲ್ಲಿ ಕಂಡದ್ದೇ, ಆದರೆ ಹತ್ತಾರು ಪಟ್ಟು ದೊಡ್ಡದಾಗಿ. ನೀಲೇಶ್ವರದ ಕೋಟಪ್ಪುರದಿಂದ ಹೌಸ್‌ಬೋಟ್ ಹೊರಡುತ್ತದೆ. ಆಲಪ್ಪುಳದ ದಟ್ಟಣೆ ಇಲ್ಲಿಲ್ಲ. ಕುಟುಂಬ ಸಮೇತ ಬಂದರೆ ಅದು ಸರಿ, ಒಬ್ಬರೇ ಬಂದರೆ ಊರವರ ದೋಣಿಯೇ ಸಾಕು.

ಪಡನ್ನದ ಕಡೆ ನೀರಿನಲ್ಲಿ ಬಿದಿರಿನ ಚಪ್ಪರಗಳು ಕಾಣುತ್ತವೆ. ಅದು ಕಡುಕ್ಕದ ಕೃಷಿ. ತುಳುವರು ಪಚ್ಚಿಲೆ ಎನ್ನುವ ಹಸಿರು ಚಿಪ್ಪುಮೀನು. ಮಳೆಗಾಲ ಕಳೆದು ನೀರಿಗೆ ಉಪ್ಪು ಬಂದ ಮೇಲೆ, ಬಂಡೆಗಳಿಂದ ಕಿತ್ತು ತಂದ ಮರಿಗಳನ್ನು ಹಗ್ಗದ ಸುತ್ತ ಇಟ್ಟು ತೆಳುವಾದ ಹತ್ತಿ ಬಟ್ಟೆ ಸುತ್ತಿ ಹೊಲಿಯುತ್ತಾರೆ. ಹೊಲಿಯುವವರು ಹೆಚ್ಚಾಗಿ ಹೆಂಗಸರ ಸ್ವಸಹಾಯ ಸಂಘದವರು. ಹಗ್ಗವನ್ನು ಚಪ್ಪರದಿಂದ ನೀರಿಗೆ ಇಳಿಬಿಟ್ಟರೆ ಮರಿಗಳು ತಮ್ಮದೇ ನೂಲು ಬಿಟ್ಟು ಹಗ್ಗ ಕಚ್ಚಿಕೊಳ್ಳುತ್ತವೆ, ಅಷ್ಟು ಹೊತ್ತಿಗೆ ಬಟ್ಟೆ ಕರಗಿ ಹೋಗಿರುತ್ತದೆ. ಏಪ್ರಿಲ್, ಮೇ ಹೊತ್ತಿಗೆ ಹಗ್ಗವೇ ಕಾಣದಷ್ಟು ದಪ್ಪ ಗೊಂಚಲು. ಜೂನ್‌ಗೆ ಮೊದಲು ಕೀಳಲೇಬೇಕು, ಮಳೆನೀರು ಹೊಕ್ಕು ಉಪ್ಪು ಇಳಿದರೆ ಸಾಯುತ್ತವೆ. ಎಲ್ಲವೂ ಅಳಿವೆಯ ಲೆಕ್ಕದ ಮೇಲೆಯೇ ನಡೆಯುತ್ತದೆ ನೋಡಿ.

ತಿನ್ನುವ ಬಗೆಯೂ ಹೇಳಬೇಕು. ಚಿಪ್ಪನ್ನು ಸ್ವಲ್ಪ ತೆರೆದು ಒಳಗೆ ಅಕ್ಕಿ, ತೆಂಗಿನಕಾಯಿ, ಜೀರಿಗೆ, ಸಣ್ಣ ನೀರುಳ್ಳಿ ಅರೆದ ಹಿಟ್ಟು ತುಂಬಿ, ಚಿಪ್ಪು ಸಮೇತ ಹಬೆಯಲ್ಲಿ ಬೇಯಿಸುತ್ತಾರೆ. ಬೆಂದ ಮೇಲೆ ಚಿಪ್ಪು ಬಿಡಿಸಿ, ಮೆಣಸು ಅರಸಿನ ಸವರಿ ಎಣ್ಣೆಯಲ್ಲಿ ಹುರಿದರೆ ಅರಿಕಡುಕ್ಕ. ಬಸ್‌ಸ್ಟ್ಯಾಂಡಿನ ಚಹಾದಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಸಂಜೆ ನಾಲ್ಕರ ಮೇಲೆ ಕಾಣಿಸುತ್ತದೆ. ಬೋಟಿನ ಪ್ಯಾಕೇಜ್ ಊಟದಲ್ಲಿ ಕೊಡುವುದಕ್ಕಿಂತ ಇದೇ ರುಚಿ. ಮೀನು ತಿನ್ನದವರಿಗೆ ಕಲ್ತಪ್ಪ ಉಂಟು, ಬೆಲ್ಲ ಹಾಕಿದ ಅಕ್ಕಿಯ ತಿಂಡಿ.

ನೀಲೇಶ್ವರದ ತೈಕಡಪ್ಪುರದಲ್ಲಿ ಊರವರೇ ಸೇರಿ ಕಡಲಾಮೆಯ ಮೊಟ್ಟೆ ಕಾಯುತ್ತಾರೆ. ಚಳಿಗಾಲದ ರಾತ್ರಿಗಳಲ್ಲಿ ಆಲಿವ್ ರಿಡ್ಲಿ ಆಮೆಗಳು ಮರಳಿಗೆ ಹತ್ತಿ ಮೊಟ್ಟೆ ಇಡುತ್ತವೆ. ನಾಯಿ, ನರಿ, ಮನುಷ್ಯರ ಕೈಗೆ ಸಿಗದಂತೆ ಅವನ್ನು ಬೇಲಿಯೊಳಗೆ ಹೂತು, ಮರಿ ಹೊರಬಂದ ಮೇಲೆ ಕಡಲಿಗೆ ಬಿಡುತ್ತಾರೆ. ನೋಡಬೇಕೆಂದರೆ ಮೊದಲು ಅವರನ್ನು ವಿಚಾರಿಸಿ. ದಡದ ಮೇಲೆ ಟಾರ್ಚ್ ಬಿಟ್ಟುಕೊಂಡು ಗುಂಪಾಗಿ ಓಡಾಡಿದರೆ ಆಮೆ ಹತ್ತದೆ ವಾಪಸು ಹೋಗುತ್ತದೆ.

ಈಜುವ ಬಗ್ಗೆ ಒಂದು ಮಾತು, ಸ್ವಲ್ಪ ಗಡಸಾಗಿಯೇ. ಈ ಕರಾವಳಿಯ ಹೆಚ್ಚಿನ ಕಡೆ ಜೀವರಕ್ಷಕರು ಇಲ್ಲ. ಅಳಿವೆಯ ಬಾಯಲ್ಲಂತೂ ಇಳಿಯಲೇಬಾರದು. ಇಳಿನೀರಿನ ಹೊತ್ತು ಹೊಳೆ ಕಡಲಿಗೆ ಎಳೆಯುವ ಬಲ ಮೇಲಿನಿಂದ ಗೊತ್ತಾಗುವುದಿಲ್ಲ, ಮರಳು ಕಾಲಡಿಯಲ್ಲೇ ಜಾರುತ್ತದೆ. ಪ್ರತಿ ವರ್ಷ ಹೊರಗಿನಿಂದ ಬಂದ ಹುಡುಗರು ಯಾರೋ ಹೋಗುತ್ತಾರೆ, ಹುಡುಕಲು ಇಳಿಯುವವರು ಮೀನುಗಾರರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲನ್ನು ದೂರದಿಂದ ನೋಡಿ. ಮಳೆ ನೋಡಲು ಬರುವುದಾದರೆ ಜುಲೈ, ತೆಯ್ಯಂ ಮತ್ತು ಆಮೆಗೆ ಡಿಸೆಂಬರ್‌ನಿಂದ ಫೆಬ್ರವರಿ, ಮುಚ್ಚಿದ ಅಳಿವೆಯ ಮೇಲೆ ನಡೆಯಲು ಮತ್ತು ಹಗ್ಗದಿಂದ ಆಗಷ್ಟೇ ಬಿಡಿಸಿದ ಕಡುಕ್ಕ ತಿನ್ನಲು ಏಪ್ರಿಲ್. ಏಪ್ರಿಲ್‌ನಲ್ಲಿ ಸೆಕೆ ಭಯಂಕರ, ಅದನ್ನು ಮುಚ್ಚಿಡುವುದಿಲ್ಲ. ಅಕ್ಕನ ಮಗ ಈ ಸಲ ಏಪ್ರಿಲ್‌ಗೇ ಬರುತ್ತೇನೆ ಎಂದಿದ್ದಾನೆ, ತನ್ನದೇ ಬೀಸುಬಲೆ ಎಲ್ಲಿ ಸಿಗುತ್ತದೆ ಎಂದು ಕೇಳಿದ್ದಾನೆ. ಕುಂಬಳೆ ಪೇಟೆಯಲ್ಲಿ ಸಿಗಬಹುದು, ವಿಚಾರಿಸಬೇಕು.